ಮುಜಾವರ ಅಕ್ಕೋರ ಪೇಪರ್ ತಾಸು

ಮುಜಾವರ ಅಕ್ಕೋರ ಎದುರು "ಮಳಿ ಬರಾಕತ್ತೈತ್ರಿ" ಎಂದು ಹೇಳುವುದೂ ಸುಲಭದ ಮಾತಾಗಿರಲಿಲ್ಲ. ತಗಡಿನ ಮೇಲೆ ಮಳೆ ಧಬಧಬ ಬೀಳುತ್ತಿದ್ದರೂ ಅವರು ಕಿಟಕಿಯ ಕಡೆ ತಿರುಗದೆ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಎಲ್ಲಿ ನಿಂತು ನೋಡಿದಿ?" ಎಂದು ಕೇಳುತ್ತಿದ್ದರು. "ಇಲ್ಲೇ ಕುಂತು ಸಪ್ಪಳ ಕೇಳೀನ್ರಿ" ಎಂದರೆ ಮುಗಿಯಿತು. "ಹಂಗಾರ ಮಳಿ ಬರಾಕತ್ತೈತಿ ಅನಬ್ಯಾಡ. ತಗಡಿನ ಮ್ಯಾಲೆ ಸಪ್ಪಳ ಆಗಾಕತ್ತೈತಿ ಅನು. ಮಂಗ್ಯಾಗೋಳು ಕುಣಿಯಾಕತ್ತಿದ್ರ ಏನ್ ಮಾಡ್ತಿ?" ಇಡೀ ವರ್ಗ ನಗುತ್ತಿತ್ತು. ಅವರು ಮಾತ್ರ ನಗದೆ ಎದ್ದು ಬಾಗಿಲಿಗೆ ಹೋಗಿ, ಕೈ ಹೊರಗೆ ಚಾಚಿ, ತೊಯ್ದ ಅಂಗೈಯನ್ನು ಸೆರಗಿಗೆ ಒರೆಸಿಕೊಂಡು ಬಂದು, "ಹೂಂ, ಬರಾಕತ್ತೈತಿ" ಎನ್ನುತ್ತಿದ್ದರು.

ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತೇವೆ. ಮುಜಾವರ ಅಕ್ಕೋರು ಹೈಸ್ಕೂಲಿನಲ್ಲಿ ನಮಗೆ ಕನ್ನಡ ಕಲಿಸುತ್ತಿದ್ದರು. ಕುಳ್ಳಗೆ, ಗಟ್ಟಿಮುಟ್ಟಾಗಿದ್ದರು. ಮದುವೆಯಾಗಿರಲಿಲ್ಲ. ಶೇಡಬಾಳದಲ್ಲಿ ತಮ್ಮನ ಮನೆಯ ಒಂದು ಖೋಲಿಯಲ್ಲಿ ಇದ್ದು, ದಿನಾ ಬೆಳಿಗ್ಗೆ ಬಸ್ಸು ಹಿಡಿದು ನಮ್ಮೂರಿಗೆ ಬರುತ್ತಿದ್ದರು. ನಮ್ಮೂರು ಕಾಗವಾಡ ತಾಲೂಕಿನಲ್ಲಿ ಕೃಷ್ಣಾ ಹೊಳೆಯ ದಂಡೆಗೆ ಇದೆ. ಹೆಸರು ಬೇಡ. ಹೆಸರು ಬರೆದರೆ ಇಂದಿಗೂ ನನ್ನನ್ನು ಹುಡುಕಿಕೊಂಡು ಬಂದು ಬೈಯುವವರು ಒಬ್ಬಿಬ್ಬರು ಅಲ್ಲಿದ್ದಾರೆ, ಮತ್ತು ಅವರು ಬೈಯುವುದರಲ್ಲಿ ತಪ್ಪೇನೂ ಇಲ್ಲ.

ಶನಿವಾರ ಶಾಲೆ ಬೆಳಿಗ್ಗೆಯೇ ಮುಗಿಯುತ್ತಿತ್ತು. ಬೇರೆ ವರ್ಗದ ಮಕ್ಕಳು ಪಾಟಿಚೀಲ ಹಾರಿಸುತ್ತ ಮನೆಗೆ ಓಡಿದರೆ, ಒಂಬತ್ತನೆಯ ವರ್ಗದ ನಾವು ಹನ್ನೆರಡು ಮಂದಿ ಹಿಂದೆ ಉಳಿಯುತ್ತಿದ್ದೆವು. ಅದು ಪೇಪರ್ ತಾಸು. ದೊಡ್ಡ ಡ್ರಾಯಿಂಗ್ ಶೀಟಿನ ಮೇಲೆ ಊರಿನ ಸುದ್ದಿಗಳನ್ನು ಕೈಯಿಂದ ಬರೆದು, ಶಾಲೆಯ ಹೊರಗೋಡೆಗೆ, ಬಸ್ ಸ್ಟ್ಯಾಂಡಿನತ್ತ ಮುಖ ಮಾಡಿ ಹಚ್ಚುತ್ತಿದ್ದೆವು. ಪತ್ರಿಕೆಯ ಹೆಸರು 'ಹೊಳೆಸಾಲು'. ಪ್ರತಿ ಸುದ್ದಿಯ ಕೊನೆಗೆ ಒಂದು ಸಾಲು ಇರಲೇಬೇಕು: ನೋಡಿದವರು ಯಾರು, ಎಲ್ಲಿ ನಿಂತು, ಎಷ್ಟು ಗಂಟೆಗೆ. ನೋಡದೆ ಬರೀ ಕೇಳಿದ್ದಾದರೆ, ಹೇಳಿದವರು ಯಾರು ಎಂದು ಬರೆಯಬೇಕು. "ಹನುಮಪ್ಪನ ಕಟ್ಟೆಯ ನಲ್ಲಿಗೆ ನಾಲ್ಕು ದಿನದಿಂದ ನೀರಿಲ್ಲ. ನೋಡಿದವಳು: ರಾಜಮತಿ, ಖಾಲಿ ಕೊಡ ಹಿಡಿದು ಅದೇ ಕಟ್ಟೆಯ ಮೇಲೆ, ಬೆಳಿಗ್ಗೆ ಏಳಕ್ಕೆ." ಬಸ್ಸಿಗೆ ಕಾಯುವವರು ಇದನ್ನು ಓದಿ, "ಏನ್ ಕೋರ್ಟಿನ ಸಾಕ್ಷಿ ಹೇಳಿಧಂಗ ಬರದಾರ್ಲೇ" ಎಂದು ನಗುತ್ತಿದ್ದರು.

ರಾಜಮತಿ ಎಂದರೆ ನಾನೇ. ನನ್ನ ಅಕ್ಷರ ದುಂಡಗಿತ್ತು. ಅದರ ಜೊತೆ ನನ್ನ ಜಂಬವೂ ದುಂಡಗಿತ್ತು. ಶಾಲೆಯ ಗ್ಯಾದರಿಂಗ್ ಮುಗಿದ ವಾರ ನಾನು ಬರೆದ ಮೊದಲ ದೊಡ್ಡ ವರದಿ ಹೀಗೆ ಶುರುವಾಗಿತ್ತು: "ವಾರ್ಷಿಕ ಸ್ನೇಹ ಸಮ್ಮೇಳನವು ಅದ್ದೂರಿಯಾಗಿ ಜರುಗಿತು. ಅಪಾರ ಜನಸ್ತೋಮ ನೆರೆದಿತ್ತು." ದೊಡ್ಡ ಪೇಪರುಗಳಲ್ಲಿ ಓದಿ ಓದಿ ಬಾಯಿಗೆ ಹತ್ತಿದ ಮಾತುಗಳು. ಅಕ್ಕೋರು ಓದಿ ಕನ್ನಡಕ ಇಳಿಸಿದರು.

"ಅಪಾರ ಅಂದ್ರ?"

"ಭಾಳ ಮಂದ್ರಿ ಅಕ್ಕೋರ."

"ಭಾಳ ಅಂದ್ರ?"

"ಅಂದ್ರ… ಮಂದೀನ ಮಂದಿ ಇತ್ರಿ."

"ಎಣಿಸಿದಿ?"

ಎಣಿಸಿರಲಿಲ್ಲ. ಪೆಂಡಾಲಿನವರು ಕುರ್ಚಿಗಳನ್ನು ಇನ್ನೂ ಒಯ್ದಿರಲಿಲ್ಲ. ನನ್ನನ್ನು ಬಿಸಿಲಲ್ಲಿ ಕಳಿಸಿ ಅಷ್ಟನ್ನೂ ಎಣಿಸಲು ಹಚ್ಚಿದರು. ಎಷ್ಟು ಸಾಲು ತುಂಬಿತ್ತು, ಎಷ್ಟು ಸಾಲಿನಲ್ಲಿ ನಾಯಿ ಮಲಗಿತ್ತು ಎಂದು ನೆನಪು ಮಾಡಿಕೊಂಡು ಬಾ ಎಂದರು. ನಾನು ಬೆವರು ಸುರಿಸಿಕೊಂಡು ಬಂದು ಲೆಕ್ಕ ಒಪ್ಪಿಸಿದಾಗ ಅವರಿಗೆ ಕರುಣೆ ಬಂದಿರಬೇಕು. ತಮ್ಮ ಬಾಟಲಿಯ ನೀರು ಕೊಟ್ಟು, "ಎಣಿಸಾಕ ಆಗದಷ್ಟು ಮಂದಿ ಇದ್ರ, 'ಎಣಿಸಾಕ ಆಗಲಿಲ್ಲ' ಅಂತ ಬರಿ ಬೇ. ಅದೂ ಖರೇನ. ಅಪಾರ ಅಂತ ಮಾತ್ರ ಬರೀಬ್ಯಾಡ. ಅದನ್ನ ಯಾರೂ ಕಂಡಿಲ್ಲ" ಎಂದರು. ಆ ದಿನ ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಮನೆಗೆ ಹೋಗಿ ಅವ್ವನ ಮುಂದೆ, "ಆ ಅಕ್ಕೋರಿಗಿ ತಲಿ ಕೆಟ್ಟೈತಿ" ಎಂದುಬಿಟ್ಟಿದ್ದೆ.

ಅವರ ಇನ್ನೊಂದು ಪದ್ಧತಿ ಇದಕ್ಕಿಂತ ಕಠಿಣ. ಯಾರ ಸುದ್ದಿ ಬರೆದಿದ್ದೇವೋ ಅವರ ಮನೆಯ ಕಟ್ಟೆಯ ಮೇಲೆ ಕುಳಿತು, ಗೋಡೆಗೆ ಹಚ್ಚುವ ಮೊದಲು ಅವರಿಗೇ ಓದಿ ಹೇಳಬೇಕು. "ಬೆನ್ನ ಹಿಂದ ಬರದ್ರ ಅದು ಸುದ್ದಿ ಅಲ್ಲ, ಚಾಡಿ" ಎನ್ನುತ್ತಿದ್ದರು. ಹೀಗೇ ನಾನು ಗಿರಣಿಯ ಅಪ್ಪಾಸಾಬ ಕಾಕಾನ ಎದುರು ಹೋಗಿ ಕೂರಬೇಕಾಯಿತು. ಕಾಕಾನದು ಕೆಳಗಿನ ಓಣಿಯಲ್ಲಿ ಡೀಸೆಲ್ ಇಂಜಿನ್ನಿನ ಹಿಟ್ಟಿನ ಗಿರಣಿ. ಒಂದು ಸಂಜೆ ಖಾರದ ಪುಡಿ ಬೀಸಿದ ಕಲ್ಲಿನಲ್ಲಿ ಹಾಗೇ ಜೋಳ ಹಾಕಿ, ಅರ್ಧ ಊರಿನ ರೊಟ್ಟಿಯೆಲ್ಲ ಖಾರವಾಗಿ, ಮಕ್ಕಳು ಮರಿ ಬಾಯಿ ಬಾಯಿ ಬಡಿದುಕೊಂಡಿದ್ದವು. ನಾನು ಅದನ್ನು ಭಾರೀ ಉತ್ಸಾಹದಿಂದ ಬರೆದಿದ್ದೆ.

ಕಾಕಾ ಹುಬ್ಬಿನ ಮೇಲೆಲ್ಲ ಹಿಟ್ಟು ಬಳಿದುಕೊಂಡು, ಕೈ ಕಟ್ಟಿ ನಿಂತು ಪೂರ್ತಿ ಕೇಳಿದ. ನನ್ನ ಧ್ವನಿ ಕೊನೆಯ ಸಾಲಿನ ಹೊತ್ತಿಗೆ ಇಲಿಯ ಧ್ವನಿಯಾಗಿತ್ತು.

"ಮುಗೀತೇನ? ಈಗ ನನ್ನ ಮಾತೂ ಬರಕೋ," ಎಂದ. "ಕಲ್ಲು ತೊಳದು ಹಾಕ್ತೀನಿ, ಅರ್ಧಾ ತಾಸು ತಡಿರಿ ಅಂದೆ. ಬುಟ್ಟಿ ಹಿಡಕೊಂಡು ಮುಂದ ನಿಂತಾಕಿ ತಡೀಲಿಲ್ಲ. 'ಹೊತ್ತ ಮುಳಗತೈತಿ, ಅಡಗಿ ಆಗಬೇಕು, ಹಾಕೋ ಮಾರಾಯಾ' ಅಂದ್ಲು. ಅಕಿ ಯಾರು ಅಂತ ನಿಮ್ಮ ಮನ್ಯಾಗ ಕೇಳು."

ಕೇಳಿದೆ. ನಮ್ಮ ಅವ್ವ! ನಮ್ಮದು ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಜೈನರ ಮನೆ. ಸಂಜೆ ಐದಾಯಿತೆಂದರೆ ಅವ್ವನಿಗೆ ನಿಂತಲ್ಲಿ ನಿಲ್ಲಲು ಆಗುವುದಿಲ್ಲ. ಅಕ್ಕೋರು ಬಿಡುತ್ತಾರೆಯೇ? "ಅವಸರ ಮಾಡಿದವರು: ವರದಿಗಾರ್ತಿಯ ತಾಯಿ" ಎಂದು ಬರೆಸಿದರು. ಅವ್ವ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆದರೆ ಅಪ್ಪಾಸಾಬ ಕಾಕಾ ಆ ಶೀಟಿನ ಮುಂದೆ ನಿಂತು ಬಸ್ಸಿಗೆ ಬಂದವರಿಗೆಲ್ಲ ತೋರಿಸಿ, "ಈ ಹುಡುಗಿ ತನ್ನ ಅವ್ವನ್ನೂ ಬಿಡಂಗಿಲ್ಲ. ಖರೇನ ಬರೀತಾಳ" ಎಂದು ಹೇಳುತ್ತಿದ್ದ.

ಅದೇ ವರ್ಷ ಶ್ರಾವಣದಲ್ಲಿ ಹೊಳೆ ಬಂತು. ನಮ್ಮಲ್ಲಿ ಪ್ರವಾಹ ಎನ್ನುವುದಿಲ್ಲ, ಹೊಳೆ ಬಂತು ಎನ್ನುತ್ತೇವೆ. ನೀರು ಇನ್ನೂ ದಂಡೆಯ ಗುಡಿಯ ಮೆಟ್ಟಿಲಲ್ಲಿ ಇರುವಾಗಲೇ ಮುನ್ನೆಚ್ಚರಿಕೆಯೆಂದು ಕೆಳಗಿನ ಓಣಿಯವರನ್ನೆಲ್ಲ ದಿಬ್ಬದ ಮೇಲಿದ್ದ ನಮ್ಮ ಶಾಲೆಗೆ ತಂದು ಇಳಿಸಿದರು. ವರ್ಗದ ಕೋಣೆಗಳಲ್ಲಿ ಹಾಸಿಗೆ, ಪಾತ್ರೆ, ಕೋಳಿ. ಅಪ್ಪಾಸಾಬ ಕಾಕಾ ಗಿರಣಿಯ ಇಂಜಿನ್ ಬಿಚ್ಚಿ ಚಕ್ಕಡಿಯಲ್ಲಿ ಹೇರಿಕೊಂಡು ಬಂದು ವರಾಂಡದಲ್ಲಿ ಇಟ್ಟಿದ್ದ. ಎಮ್ಮೆ ಮತ್ತು ಅದರ ಕರು ಬೇವಿನ ಗಿಡಕ್ಕೆ ಕಟ್ಟಿದ್ದವು.

ಆಗ ಊರಲ್ಲಿ ಎಲ್ಲರ ಕೈಗೂ ವಾಟ್ಸ್ಆ್ಯಪ್ ಬಂದಿತ್ತು. ಮೇಲಿನ ಡ್ಯಾಮ್ ಒಡೆದಿದೆ, ಸೇತುವೆ ಕುಸಿದಿದೆ, ಸೈನ್ಯ ಬಂದಿದೆ ಎಂದು ಗಳಿಗೆಗೊಂದು ಸುದ್ದಿ. ಹೆಂಗಸರು ಅಳುತ್ತಿದ್ದರು. ಅಕ್ಕೋರು ಅದನ್ನೆಲ್ಲ ಒಂದು ದಿನ ನೋಡಿದರು. ಮರುದಿನ 'ಹೊಳೆಸಾಲು' ಶನಿವಾರಕ್ಕೆ ಕಾಯುವುದಿಲ್ಲ ಎಂದರು. ಹೊರಗೋಡೆಗೆ ಒಂದು ಕರಿಹಲಗೆ ನೇತುಹಾಕಿ, ದಿನಕ್ಕೆ ಮೂರು ಸಲ ನೀರು ಗುಡಿಯ ಯಾವ ಮೆಟ್ಟಿಲಲ್ಲಿ ಇದೆ ಎಂದು ಬರೆಯಿಸಿದರು. ನಿಯಮ ಬಿಗಿಯಾಗಿತ್ತು. ಇಬ್ಬರು ಹೋಗಿ ನೋಡಿ ಬಂದ ಹೊರತು ಹಲಗೆಯ ಮೇಲೆ ಒಂದು ಅಕ್ಷರ ಏರಬಾರದು. ನೋಡಿದವರ ಹೆಸರು ಕೆಳಗೆ ಇರಲೇಬೇಕು. ನಾಲ್ಕು ದಿನದಲ್ಲಿ ಊರ ಮಂದಿ ಫೋನು ಬದಿಗಿಟ್ಟು ನಮ್ಮ ಹಲಗೆಯ ಮುಂದೆ ಬಂದು ನಿಲ್ಲತೊಡಗಿದರು. ಹಲಗೆಯ ಕೆಳಗೆ ನನ್ನ ಹೆಸರು ಇದ್ದಾಗ ನಾನೂ ಅಲ್ಲೇ ಸುಳಿದಾಡುತ್ತಿದ್ದೆ.

ಐದನೆಯ ದಿನ ಅಕ್ಕೋರಿಗೆ ಕಾಗವಾಡದ ಕಚೇರಿಗೆ ಹೋಗಿ ಮೇಲಿನಿಂದ ಎಷ್ಟು ನೀರು ಬರುತ್ತಿದೆ ಎಂದು ಕೇಳಿಕೊಂಡು ಬರಬೇಕಿತ್ತು. ಹೋಗುವಾಗ ಖಡುವಿನ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟರು. ಸೀಮೆಸುಣ್ಣಕ್ಕೆ ನಮ್ಮಲ್ಲಿ ಖಡು ಎನ್ನುತ್ತೇವೆ. "ಮಧ್ಯಾಹ್ನದ ನೀರು ನೀ ಬರಿ. ಜೋಡಿ ಯಾರನ್ನರ ಕರಕೊಂಡು ಹೋಗಿ ನೋಡಿ ಬಂದು ಬರಿ," ಎಂದರು. ನಾನು "ಹೂಂರಿ" ಎಂದೆ.

ಹನ್ನೆರಡರ ಸುಮಾರಿಗೆ ನನ್ನ ಬಳಿಯಿದ್ದ ಅಪ್ಪನ ಫೋನಿಗೆ ಸಾಂಗ್ಲಿ ಕಡೆಯ ನಮ್ಮ ಅತ್ತೆಯ ಕರೆ ಬಂತು. ನಮ್ಮೂರಿನ ಪ್ರತಿ ಮನೆಗೂ ಆ ಕಡೆ ಬೀಗರಿದ್ದಾರೆ. ಅಲ್ಲಿ ನೀರು ಏರಿದರೆ ಮರುದಿನ ಇಲ್ಲಿ ಏರುತ್ತದೆ, ಅಲ್ಲಿ ಇಳಿದರೆ ಇಲ್ಲಿ ಇಳಿಯುತ್ತದೆ. ಅಜ್ಜನ ಕಾಲದಿಂದ ಬಂದ ಲೆಕ್ಕ ಅದು. "ಪಾಣೀ ಉತರಾಯ್ಲಾ ಲಾಗ್ಲಂಯ್ ಗ!" ಎಂದು ಮರಾಠಿಯಲ್ಲಿ ಶುರು ಮಾಡಿದ ಅತ್ತೆ ಕನ್ನಡಕ್ಕೆ ಹೊರಳಿ, "ಇಳಿಯಾಕತ್ತೈತಿ ರಾಜು, ನಮ್ಮ ಘಾಟಿನ ಎರಡ ಮೆಟ್ಟಲಾ ಬಿಚ್ಚ್ಯಾವ. ಇನ್ ಅಂಜಬ್ಯಾಡ್ರಿ" ಎಂದಳು.

ಹೊರಗೆ ಜಡಿಮಳೆ. ಗುಡಿಯವರೆಗೆ ಕೆಸರಲ್ಲಿ ಹೋಗಿ ಬರಲು ಅರ್ಧ ತಾಸು. ಹಲಗೆಯ ಮುಂದೆ ಮಂದಿ ಆಗಲೇ ನಿಂತಿದ್ದರು, ನನ್ನ ಕೈಯಲ್ಲಿನ ಖಡು ನೋಡುತ್ತಿದ್ದರು. ಇಷ್ಟು ದಿನದಲ್ಲಿ ಮೊದಲ ಸಲ ಒಳ್ಳೆಯ ಸುದ್ದಿ ನನ್ನ ಬಳಿ ಇತ್ತು. ಬರೆದೆ. "ಸಿಹಿ ಸುದ್ದಿ: ನೀರು ಇಳಿಯುತ್ತಿದೆ." ನೋಡಿದವರು ಎಂಬಲ್ಲಿಗೆ ಬಂದಾಗ ಕೈ ನಿಂತಿತು. "ಕೇಳಿದ್ದು, ಹೇಳಿದವರು ಅತ್ತೆ" ಎಂದು ಬರೆದರೆ ಸುದ್ದಿಯ ತೂಕ ಹೋಗುತ್ತದೆ, ಜೊತೆಗೆ ನಾನು ಹೋಗಿ ನೋಡಿಲ್ಲವೆಂದೂ ಗೊತ್ತಾಗುತ್ತದೆ. "ನೋಡಿದವಳು: ರಾಜಮತಿ, ಗುಡಿಯ ಮೆಟ್ಟಿಲ ಮೇಲೆ ನಿಂತು, ಹನ್ನೆರಡಕ್ಕೆ" ಎಂದು ಬರೆದೆ. ದುಂಡಗೆ ಬರೆದೆ. ಎರಡನೆಯ ಹೆಸರು ಎಲ್ಲಿ ಎಂದು ಯಾರೂ ಕೇಳಲಿಲ್ಲ.

ಮಂದಿಯ ಮುಖ ಅರಳಿದ್ದನ್ನು ಕಂಡೆ. ಇದನ್ನು ಮಾತ್ರ ನಿಜವಾಗಿ ಅಲ್ಲೇ ನಿಂತು ಕಂಡೆ. ಅಪ್ಪಾಸಾಬ ಕಾಕಾ ಓದಿದ, ನನ್ನತ್ತ ನೋಡಿ ತಲೆಯಾಡಿಸಿದ. "ಊರಾಗ ನಾಕ ದಿನಾತು ಹಿಟ್ಟಿಲ್ಲ. ಇಂಜಿನ್ ಕೂಡ್ಸತೀನಿ, ಸಂಜೀತನಕ ಬೀಸಿ ಕೊಟ್ಟೇನು" ಎಂದು ಇಂಜಿನ್ನನ್ನು ಚಕ್ಕಡಿಗೆ ಏರಿಸಿಕೊಂಡು, ಎಮ್ಮೆ, ಕರುವಿನೊಂದಿಗೆ ಕೆಳಗಿನ ಓಣಿಗೆ ಇಳಿದ. ಅವನ ಹಿಂದೆ ಇನ್ನೂ ನಾಲ್ಕಾರು ಮನೆಯವರು ಪಾತ್ರೆ ಪಡಗ ಹೊತ್ತು ಹೊರಟರು.

ಮೂರು ಗಂಟೆಗೆ ಅಕ್ಕೋರು ಬಂದರು. ಹೊಳೆಯ ಹಿನ್ನೀರು ತುಂಬುವ ಊರ ಹೊರಗಿನ ಹಳ್ಳದ ಆಚೆಗೇ ಬಸ್ಸು ನಿಂತು, ನಡೆದೇ ಬಂದಿದ್ದರು. ಸೀರೆ ಮೊಣಕಾಲಿನ ಮೇಲಿನವರೆಗೂ ಒದ್ದೆ. ಹಲಗೆ ಓದಿದರು.

"ಮುಂಜಾನೆ ನಾ ಹಳ್ಳಾ ದಾಟಿದಾಗ ನೀರು ಹಿಮ್ಮಡಿ ಮಟಾ ಇತ್ತು," ಎಂದರು. "ಈಗ ಮೊಣಕಾಲ ಮ್ಯಾಲೆ ಐತಿ. ಎಲ್ಲಿ ನಿಂತು ನೋಡಿದಿ?"

ನಾನು ಖಡುವಿನ ಪೆಟ್ಟಿಗೆಯನ್ನು ಅವರತ್ತ ಚಾಚಿದೆ.

"ರಾಜಮತಿ, ಎಲ್ಲಿ ನಿಂತು ನೋಡಿದಿ?"

"ನೋಡಿಲ್ರಿ. ಅತ್ತಿ ಫೋನ್ ಮಾಡಿದ್ಲ್ರಿ. ಸಾಂಗ್ಲಿಯಾಗ…"

"ಸಾಂಗ್ಲಿ!" ಎಂದವರು ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡರು. ಆಗ ನನಗೂ ಹೊಳೆಯಿತು. ಸಾಂಗ್ಲಿಗೂ ನಮಗೂ ನಡುವೆ ಪಂಚಗಂಗೆ ಬಂದು ಕೃಷ್ಣೆಗೆ ಸೇರುತ್ತದೆ. ಅತ್ತೆಯ ಘಾಟು ಆ ಸಂಗಮಕ್ಕಿಂತ ಮೇಲೆ, ಹೊಳೆ ಹರಿದು ಬರುವ ಕಡೆಗೆ ಇದೆ. ಅಲ್ಲಿ ಮೆಟ್ಟಿಲು ತೆರೆದದ್ದು ಖರೆ. ಆದರೆ ಕೊಲ್ಲಾಪುರದ ಕಡೆ ಎರಡು ದಿನದಿಂದ ಹುಚ್ಚು ಮಳೆ, ಆ ನೀರೆಲ್ಲ ಪಂಚಗಂಗೆಯಲ್ಲಿ ಇಳಿದು ಬರುತ್ತಿತ್ತು. "ಸಾಂಗ್ಲಿ ಘಾಟಿನಲ್ಲಿ ನಿಂತು, ನಮ್ಮ ಅತ್ತೆ" ಎಂದು ನಾನು ಖರೆ ಬರೆದಿದ್ದರೆ, ಊರಿನ ಯಾವ ಮುದುಕನಾದರೂ ಓದಿ, "ಅದು ಸಂಗಮದ ಮ್ಯಾಲಿನ ಮಾತು, ಪಂಚಗಂಗಾದ್ದು ಏನ್ ಹೇಳ್ತೀರಿ?" ಎಂದು ಕೇಳಿರುತ್ತಿದ್ದ. ಯಾರೂ ಕೆಳಗೆ ಇಳಿಯುತ್ತಿರಲಿಲ್ಲ. ನನ್ನ ಹೆಸರು ನೋಡಿ ಎಲ್ಲರೂ ಇಳಿದರು.

ಅಕ್ಕೋರು ಬೈಯಲಿಲ್ಲ. ಸೆರಗಿನಿಂದಲೇ ಹಲಗೆ ಒರೆಸಿ, "ನೀರು ಏರುತ್ತಿದೆ. ಕೆಳಗೆ ಹೋದವರು ಈಗಲೇ ಬನ್ನಿ" ಎಂದು ಗೀಚಿ, ನನ್ನ ರಟ್ಟೆ ಹಿಡಿದರು. "ಯಾರ ಸುದ್ದಿ ಬರದೀಯೋ ಅವರ ಕಟ್ಟಿ ಮ್ಯಾಲೆ ಹೋಗಿ ಓದಬೇಕು. ನಡಿ."

ಓಡಿದೆವು. ಓಣಿಯ ಬಾಯಿಗೆ ನೀರು ಬಂದಾಗಿತ್ತು. ಕೆಂಪಗೆ, ಸದ್ದಿಲ್ಲದೆ, ಕಸಕಡ್ಡಿ ತಿರುಗಿಸುತ್ತ ಬರುತ್ತಿತ್ತು. ಅಕ್ಕೋರು ಒಂದೊಂದೇ ಬಾಗಿಲು ಬಡಿದು, ಬಾಗಿಲು ತೆರೆದವರ ಮುಂದೆ ನನ್ನನ್ನು ನಿಲ್ಲಿಸುತ್ತಿದ್ದರು. ಹೇಳಬೇಕಾದವಳು ನಾನೇ. "ನಾ ಬರದದ್ದು ಸುಳ್ಳ್ರಿ. ನಾ ನೋಡಿದ್ದಿಲ್ಲ. ನೀರು ಏರಾಕತ್ತೈತ್ರಿ, ಮ್ಯಾಲೆ ನಡೀರಿ." ಮೊದಲ ಮನೆಯವರಿಗೆ ಎರಡು ಸಲ ಹೇಳಬೇಕಾಯಿತು. ಎರಡನೆಯ ಮನೆಯ ಮುದುಕಿ ಕೈಯೆತ್ತಿ ಕೆನ್ನೆಗೆ ಹೊಡೆದಳು. ಅಕ್ಕೋರು ತಡೆಯಲಿಲ್ಲ, "ಮುಂದ" ಎಂದರು. ಐದನೆಯ ಮನೆ ದಾಟುವಾಗ ನೀರು ಸೊಂಟಕ್ಕೆ ಬಂದಿತ್ತು. ಕೊನೆಯದು ಗಿರಣಿ. ಅದು ಓಣಿಯ ತಗ್ಗಿನಲ್ಲಿತ್ತು.

ಗಿರಣಿಯ ಬಾಗಿಲಲ್ಲಿ ನೀರು ಸುಳಿ ತಿರುಗುತ್ತಿತ್ತು. ಒಳಗಿನಿಂದ ಎಮ್ಮೆ ಕೂಗುವುದು ಕೇಳಿತು, ಕಾಕಾ ಕಾಣಲಿಲ್ಲ. ಶಾಲೆಯಿಂದ ಗಂಡಸರು ಹಗ್ಗ ಹಿಡಿದು ಓಡಿ ಬರುತ್ತಿದ್ದರು. ಅಕ್ಕೋರು ಒಂದು ಕೈಯಲ್ಲಿ ವಿದ್ಯುತ್ ಕಂಬ, ಇನ್ನೊಂದು ಕೈಯಲ್ಲಿ ನನ್ನನ್ನು ಹಿಡಿದು, ತರಗತಿಯಲ್ಲಿ ಎಂದೂ ತೆಗೆಯದ ಧ್ವನಿ ತೆಗೆದು ಕೂಗಿದರು. "ಅಪ್ಪಾಸಾಬಣ್ಣಾ! ಇಂಜಿನ್ ಬಿಡೋ! ಹೊರಗ ಬಾರೋ!"

ಉತ್ತರವಿಲ್ಲ. ಎಮ್ಮೆಯ ಕೂಗೂ ನಿಂತಿತು. ನಾನು ಅಳಲಿಲ್ಲ, ಅಳುವಷ್ಟು ಉಸಿರಿರಲಿಲ್ಲ. ಅವನು ಸತ್ತರೆ ನಾನೇ ಕೊಂದಂತೆ ಎಂಬ ಒಂದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ಆಮೇಲೆ ಬಾಗಿಲಿನಿಂದ ಮೊದಲು ಎಮ್ಮೆಯ ಕೊಂಬು ಬಂತು, ಹಿಂದೆ ಅದರ ಕುತ್ತಿಗೆ ತಬ್ಬಿ ಹಿಡಿದಿದ್ದ ಕಾಕಾನ ತಲೆ ಬಂತು. ಹಗ್ಗ ಎಸೆದರು. ಎರಡು ಸಲ ತಪ್ಪಿತು, ಮೂರನೆಯದು ಸಿಕ್ಕಿತು.

ಕರು ಹಿಂದಿನ ಕೊಟ್ಟಿಗೆಯಲ್ಲಿ ಕಟ್ಟಿತ್ತು. ಅಲ್ಲಿಯವರೆಗೆ ಹೋಗಲು ಆಗಲಿಲ್ಲ. ಇಂಜಿನ್ ಮುಳುಗಿತು. ದಿಬ್ಬದ ಮೇಲೆ ಕುಳಿತು ನೀರು ಕಾರಿದ ಕಾಕಾ ನನ್ನತ್ತ ತಿರುಗಿದ. "ಬ್ಯಾರೆ ಯಾರ ಹೆಸರಿದ್ರೂ ನಾ ಇಳೀತಿದ್ದಿಲ್ಲ ಬೇ," ಎಂದ. "ನಿನ್ನ ಹೆಸರು ನೋಡಿ ಇಳದೆ." ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಮನೆ ಮುಟ್ಟುವಾಗ ಹೊತ್ತು ಮುಳುಗಿತ್ತು. ಅವ್ವ ಉಣ್ಣು ಎನ್ನಲಿಲ್ಲ, ನಾನೂ ಕೇಳಲಿಲ್ಲ.

ಮರುದಿನ ಅಕ್ಕೋರು ನನ್ನ ಕೈಗೆ ಅದೇ ಖಡು ಕೊಟ್ಟರು. ಅವರು ಹೇಳುತ್ತ ಹೋದರು, ನಾನು ಬರೆದೆ. "ತಪ್ಪು. ನಿನ್ನೆ ಈ ಹಲಗೆಯ ಮೇಲೆ ನೀರು ಇಳಿಯುತ್ತಿದೆ ಎಂದು ಬರೆದಿತ್ತು. ನೀರು ಇಳಿಯುತ್ತಿರಲಿಲ್ಲ. ಬರೆದವಳು ಅದನ್ನು ನೋಡಿರಲಿಲ್ಲ, ಕೇಳಿದ್ದನ್ನು ನೋಡಿದೆ ಎಂದಳು. ಅಪ್ಪಾಸಾಬ ಅವರ ಕರು ಸತ್ತಿತು, ಗಿರಣಿ ನಿಂತಿತು. ಬರೆದವಳು: ರಾಜಮತಿ." ಅಲ್ಲಿಗೆ ಮುಗಿಯಿತೆಂದುಕೊಂಡೆ. ಅವರು ಖಡು ಇಸಿದುಕೊಂಡು ಕೆಳಗೆ ತಾವೇ ಒಂದು ಸಾಲು ಸೇರಿಸಿದರು: "ಒಬ್ಬಳ ಕೈಗೆ ಖಡು ಕೊಟ್ಟು ಹೋದವಳು: ಮುಜಾವರ."

ಹೆಡ್‌ಮಾಸ್ತರರು ಓಡಿ ಬಂದರು. "ಅಳಸ್ರಿ ಅಕ್ಕೋರ. ಶಾಲಿ ಮರ್ಯಾದಿ ಪ್ರಶ್ನೆ ಐತಿ."

"ಮರ್ಯಾದಿ ಸಲುವಾಗೇ ಬರಸೇನ್ರಿ ಸರ್. ಗಿರಣಿ ಶುರು ಆಗೂತನಕ ಅಳಸೂದಿಲ್ಲ."

"ಹಂಗಾರ ಪೇಪರ್ ತಾಸು ಬಂದ್ ಮಾಡಬೇಕಾಗ್ತೈತಿ."

"ಮಾಡ್ರಿ. ಹಲಗಿ ಇರ್ಲಿ."

ಪೇಪರ್ ತಾಸು ಬಂದಾಯಿತು. ಹಲಗೆ ಉಳಿಯಿತು. ಮಳೆ ಬಿದ್ದು ಅಕ್ಷರ ಅಳಿಸಿದಾಗಲೆಲ್ಲ ನಾನೇ ಹೋಗಿ ಮತ್ತೆ ತಿದ್ದಬೇಕಿತ್ತು, ಬಸ್ ಸ್ಟ್ಯಾಂಡಿನ ಮಂದಿಯೆಲ್ಲ ನೋಡುತ್ತಿರುವಾಗ. ಎಷ್ಟೋ ಸಲ ಅಕ್ಕೋರನ್ನು ಮನಸ್ಸಿನಲ್ಲೇ ಶಪಿಸಿದ್ದೇನೆ. ಆದರೆ ನಾನು ತಿದ್ದುವಾಗ ಅವರೂ ಪ್ರತಿ ಸಲ ಬಂದು ಪಕ್ಕದಲ್ಲಿ ನಿಂತು, ತಮ್ಮ ಸಾಲನ್ನು ತಾವೇ ತಿದ್ದುತ್ತಿದ್ದರು. ತಿದ್ದಿ ಕೈ ಜಾಡಿಸಿಕೊಂಡು ಒಳಗೆ ಹೋಗುತ್ತಿದ್ದರು.

ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ಕೆಳಗಿನ ಓಣಿಯಿಂದ ಇಂಜಿನ್ನಿನ ಟುಕುಟುಕು ಕೇಳಿಸಿತು. ಸ್ವಲ್ಪ ಹೊತ್ತಿಗೆ ಅಪ್ಪಾಸಾಬ ಕಾಕಾ ಹಿಟ್ಟು ಮೆತ್ತಿದ ಮುಖದಲ್ಲೇ ಒದ್ದೆ ಅರಿವೆ ಹಿಡಿದು ಬಂದು, ಯಾರನ್ನೂ ಕೇಳದೆ ಹಲಗೆ ಒರೆಸಿಬಿಟ್ಟ. "ಸಾಕ ಮಾಡ್ರಿ ಅಕ್ಕೋರ. ಹುಡುಗಿ ಸೊರಗ್ಯಾಳ," ಎಂದ. "ನನ್ನ ಗಿರಣಿ ಶುರು ಆದ ಸುದ್ದಿ ಯಾರು ಬರೀತೀರಿ?" ಅಕ್ಕೋರು ನನ್ನತ್ತ ನೋಡಿದರು. ನಾನು ಓಣಿಯ ತುದಿಯವರೆಗೆ ಓಡಿ, ಗಿರಣಿಯೊಳಗೆ ಹೋಗಿ, ಬೀಳುತ್ತಿದ್ದ ಬಿಸಿ ಹಿಟ್ಟಿನೊಳಗೆ ಕೈಯಿಟ್ಟು ನೋಡಿ, ಓಡಿ ಬಂದು ಬರೆದೆ. ಬರೆಯುವಾಗ ಹಲಗೆಯ ಮೇಲೆಲ್ಲ ಹಿಟ್ಟಿನ ಬೆರಳು ಮೂಡಿದವು.

ನಾನೀಗ ಚಿ‌ಕ್ಕೋಡಿಯಲ್ಲಿ ಒಂದು ಪತ್ರಿಕೆಯ ವರದಿಗಾರ್ತಿ. ನಿಪ್ಪಾಣಿ, ರಾಯಬಾಗ, ಅಥಣಿ ಎಂದು ಬಸ್ಸಿನಲ್ಲಿ ಸುತ್ತುತ್ತೇನೆ. ನಿವೃತ್ತರಾದ ಮೇಲೆ ಅಕ್ಕೋರಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿ, ಕೊನೆಗೆ ಬೆಳಕು ಕತ್ತಲೆ ಅಷ್ಟೇ ತಿಳಿಯುತ್ತಿತ್ತು. ಆ ಕಡೆ ಹೋದಾಗಲೆಲ್ಲ ಶೇಡಬಾಳಕ್ಕೆ ಹೋಗಿ ನನ್ನ ವರದಿಗಳನ್ನು ಓದಿ ಹೇಳುತ್ತಿದ್ದೆ. ಪ್ರತಿ ವರದಿಗೂ ಅದೇ ಪ್ರಶ್ನೆ. ಕಳೆದ ಮಳೆಗಾಲದಲ್ಲಿ, ನಮ್ಮ ಕೊನೆಯ ಭೇಟಿಯ ದಿನ, ಹೊಳೆಯ ಬಗ್ಗೆ ಖಂಡಿತ ಕೇಳುತ್ತಾರೆಂದು ಮಾಂಜರಿಯ ಸೇತುವೆಯ ಹತ್ತಿರ ಬಸ್ಸಿಳಿದು, ದಂಡೆಗೆ ಹೋಗಿ ನಿಂತು ನೋಡಿ, ಮುಂದಿನ ಬಸ್ಸು ಹಿಡಿದು ಹೋಗಿದ್ದೆ.

"ಹೊಳಿ ಹೆಂಗೈತಿ?" ಎಂದರು.

"ದಂಡಿ ಒಳಗೇ ಐತ್ರಿ. ಏರೂದು ನಿಂತೈತಿ."

"ಹಂಗಾರ ಛಲೋ ಆತು," ಎಂದರು. ನಾನು ಕಾದೆ. ಪ್ರಶ್ನೆ ಬರಲಿಲ್ಲ. ವಯಸ್ಸಾಯಿತು, ಮರೆತರೇನೋ ಎನಿಸಿತು. ನಾನೇ ಕೇಳಿದೆ. "ಎಲ್ಲಿ ನಿಂತು ನೋಡಿದಿ ಅಂತ ಕೇಳಲಿಲ್ರಿ ಅಕ್ಕೋರ?"

"ಕೇಳೂದೇನೈತಿ? ನೀ ಒಳಗ ಬರೂ ಮುಂದ ಚಪ್ಪಲಿ ಪಚಪಚ ಅನ್ನಾಕತ್ತಿದ್ವು," ಎಂದು ನಕ್ಕರು. ನನಗೆ ನೆನಪಿರುವಂತೆ ಅವರು ಬಾಯ್ತುಂಬ ನಕ್ಕದ್ದು ಅದೊಂದೇ ಸಲ.

ಚಳಿಗಾಲದ ಒಂದು ಬೆಳಿಗ್ಗೆ ನಮ್ಮ ಶಾಲೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಅಕ್ಕೋರು ಹೋದರೆಂಬ ಸುದ್ದಿ ಬಂತು. ಕೈ ಮುಗಿದ ಚಿತ್ರಗಳು ಒಂದರ ಹಿಂದೆ ಒಂದು ಬೀಳತೊಡಗಿದವು. ಪತ್ರಿಕೆಯ ಡೆಸ್ಕಿನಿಂದ ಫೋನು ಬಂತು. "ನಿಮ್ಮ ಟೀಚರ್ ಅಂತಲ್ರಿ, ನಾಲ್ಕು ಸಾಲು ಈಗಲೇ ಕಳಿಸಿಬಿಡ್ರಿ." ಕಳಿಸಲಿಲ್ಲ. ಬಸ್ಸು ಹತ್ತಿದೆ. ಇಡೀ ದಾರಿ, ಸುದ್ದಿ ಸುಳ್ಳಾಗಿರಲಿ, ಈ ಗುಂಪಿನವರೂ ಯಾರೂ ಹೋಗಿ ನೋಡಿರದಿರಲಿ ಎಂದು ಬೇಡಿಕೊಂಡೆ.

ಸುಳ್ಳಾಗಿರಲಿಲ್ಲ. ಮುಖ ನೋಡಿದೆ. ಅವರಲ್ಲಿ ಮಣ್ಣು ಕೊಡಲು ಗಂಡಸರಷ್ಟೇ ಹೋಗುತ್ತಾರೆ. ನಾನು ಹೊಸ್ತಿಲಲ್ಲೇ ನಿಂತೆ. ಓಣಿಯಲ್ಲಿ ಮುದುಕನಾದ ಅಪ್ಪಾಸಾಬ ಕಾಕಾ ಶವದ ಡೋಲಿಗೆ ಹೆಗಲು ಕೊಡಲು ಕಾಯುತ್ತಿದ್ದ. ನನ್ನನ್ನು ಕಂಡು ಹತ್ತಿರ ಬಂದು, "ನಾನೂ ಬಂದೀನಿ ಅಂತ ಬರಕೋ" ಎಂದ.

ಸಂಜೆ ಬರೆದು ಕಳಿಸಿದೆ. ಮರುದಿನ ಪತ್ರಿಕೆಯಲ್ಲಿ "ಅಪಾರ ಬಂಧುಬಳಗ ಹಾಗೂ ಶಿಷ್ಯವೃಂದವನ್ನು ಅಗಲಿದ್ದಾರೆ" ಎಂದು ಅಚ್ಚಾಗಿತ್ತು. ನಾನು ಬರೆದದ್ದು ಅದಲ್ಲ. ನಾನು ಬರೆದದ್ದನ್ನು ಡೆಸ್ಕಿನವರು ತೆಗೆದಿದ್ದರು, ಅದಕ್ಕೇ ಇಲ್ಲಿ ಇನ್ನೊಮ್ಮೆ ಬರೆಯುತ್ತಿದ್ದೇನೆ:

ಮುಜಾವರ ಅಕ್ಕೋರು ತೀರಿಕೊಂಡರು. ಒಬ್ಬ ತಮ್ಮ ಇದ್ದಾರೆ. ಕೆಳಗಿನ ಓಣಿಯ ಅಪ್ಪಾಸಾಬ ಬಂದಿದ್ದರು. ಉಳಿದ ಮಂದಿ ಓಣಿಯ ತುದಿಯವರೆಗೂ ನಿಂತಿದ್ದರು. ಎರಡು ಸಲ ಎಣಿಸಲು ಹೋದೆ, ಎರಡು ಸಲವೂ ಕಣ್ಣು ಮಂಜಾಯಿತು. ಎಣಿಸಲು ಆಗಲಿಲ್ಲ. ನೋಡಿದವಳು: ರಾಜಮತಿ, ಶೇಡಬಾಳದಲ್ಲಿ, ಅವರ ಹೊಸ್ತಿಲ ಮೇಲೆ ನಿಂತು, ಮಧ್ಯಾಹ್ನ ಎರಡಕ್ಕೆ.